ನಾಲ್ಕರ ಪಾಳಿ

ಊರಿಗೆ ಬಂದು ಆರು ದಿನ.
ಇನ್ನೂ ಮೂರೂ ಮುಕ್ಕಾಲಿಗೆ ಯಾರೋ ಕಾಲು ಹಿಡಿದು ಅಲುಗಿಸುತ್ತಾರೆ:
ಏಳು, ನಿನ್ನ ಪಾಳಿ.
ಎದ್ದರೆ ಯಾರೂ ಇಲ್ಲ. ಪಕ್ಕದಲ್ಲಿ ತಂಗಿ,
ಬಾಯಿ ತೆರೆದು, ನನ್ನ ಹೊದಿಕೆಯನ್ನೂ ಎಳೆದುಕೊಂಡು.

ನೆಲ ತೂಗುತ್ತದೆ.
ಹಲಸೂರಿನ ಈ ಎರಡನೇ ಮಹಡಿ
ಎಡಕ್ಕೆ ವಾಲಿ, ಯೋಚಿಸಿ, ಬಲಕ್ಕೆ ಬರುತ್ತದೆ.
ಗೋಡೆ ಹಿಡಿದು ಬಚ್ಚಲಿಗೆ ಹೋಗುವ ನನ್ನನ್ನು ಕಂಡು
ಅಮ್ಮ ನಿಂಬೆಹಣ್ಣು ನಿವಾಳಿಸಿ
ಮೂರು ದಾರಿ ಕೂಡುವಲ್ಲಿ ಎಸೆದು ಬಂದಳು.
ಆಟೋ ಚಕ್ರಕ್ಕೆ ಸಿಕ್ಕಿತಂತೆ ಅದು. ಗುಣವಾಗಲಿಲ್ಲ.

ತಾರಸಿಗೆ ಹೋಗಿ ನಿಲ್ಲುತ್ತೇನೆ,
ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು.
ಬೋಸನ್ ಪೌಲೋಸ್ ಕಲಿಸಿದ್ದು:
ಮುಖ ನಿಧಾನ ತಿರುಗಿಸು,
ಎರಡೂ ಕಿವಿಯಲ್ಲಿ ಒಂದೇ ಸದ್ದಾದಾಗ
ಮೂಗು ತೋರುವ ಕಡೆ ಗಾಳಿಯ ಮನೆ.
ಇಲ್ಲಿ ಒಂದು ಕಿವಿಗೆ ಮೆಟ್ರೋ ಕಂಬದಡಿಯ ಲಾರಿ,
ಇನ್ನೊಂದಕ್ಕೆ ಹಾಲಿನ ಕ್ರೇಟು.
ತಿರುಗುತ್ತಲೇ ಇರುತ್ತೇನೆ.

ಹಡಗು ಹತ್ತುವ ಮೊದಲು ನಾನು ಬಲ್ಲ ನೀರು
ಈ ಹಲಸೂರು ಕೆರೆ ಒಂದೇ.
ಭಾನುವಾರದ ಎನ್‌ಸಿಸಿ, ಪುಟ್ಟ ಹಾಯಿದೋಣಿ,
ಚುಕ್ಕಾಣಿಗೆ ಸುತ್ತಿಕೊಂಡ ಅಂತರಗಂಗೆ.
ಹಬ್ಬ ಕಳೆದ ವಾರ ದೋಣಿಯ ತಳ ಏನಕ್ಕೋ ತಾಗಿತ್ತು;
ಗಣೇಶನ ಸೊಂಡಿಲೆಂದು ಇವತ್ತಿಗೂ ನಂಬಿದ್ದೇನೆ.

ಕೊಚ್ಚಿ ಬಿಟ್ಟ ಮೊದಲ ಮೂರು ದಿನ ಏನೂ ಕಲಿಯಲಿಲ್ಲ.
ಒಂದು ಬಕೆಟ್ಟು, ಅದರ ಆ ಕಡೆ ಐಜೋಲಿನ ಲಾಲ್ರಿನ್‌ಪುಯಿ,
ಈ ಕಡೆ ನಾನು. ಸರದಿಯಂತೆ ಬಗ್ಗಿ, ಸರದಿಯಂತೆ ಬೆನ್ನು ನೀವಿ,
ಗೆಳತಿಯರಾದೆವು. ಹೆಸರು ಕೇಳಿದ್ದು ನಾಲ್ಕನೆಯ ದಿನ.
ಆಮೇಲೆ ಆಲೂಗಡ್ಡೆ. ಆಲೂಗಡ್ಡೆ. ಉಪ್ಪುನೀರಿನ ಸ್ನಾನ,
ನೊರೆ ಬಾರದ ಸೋಪು. ಕೂವೆಕಂಬದ ಮೇಲೆ
ಪಾದದಡಿಗೆ ಒಂದೇ ಹಗ್ಗ,
ಕೈಗೆ ಇಷ್ಟು ಕೆಲಸ, ಹೆದರಲು ಪುರಸೊತ್ತಿಲ್ಲ.
ರಾತ್ರಿ ಪಾಳಿಯಲ್ಲಿ ಎಲ್ಲರೂ ಮನೆಯ ಕತೆ ಹೇಳಿದರು.
ನಾನು ಹೇಳಿದೆ: ಅಪ್ಪ ಟೆಕ್ಸ್‌ಟೈಲ್‌ನಲ್ಲಿದ್ದಾರೆ.

ಮಿನಿಕಾಯ್ ಆಚೆ ಒಂದು ರಾತ್ರಿ
ಮುಂದಿನ ಹಾಯಿ ಹರಿಯಿತು, ಪಟಾಕಿಯ ಸದ್ದಿನಲ್ಲಿ.
ಬೆಳಿಗ್ಗೆ ಪೌಲೋಸ್ ದಬ್ಬಳ, ಮೇಣದ ದಾರ ತಂದು
ಡೆಕ್ಕಿನ ನಡುವೆ ಕೂತು ಕೇಳಿದ, ಯಾರಿಗೆ ಹೊಲಿಗೆ ಬರುತ್ತೆ?
ಇಪ್ಪತ್ತೆರಡು ಜನ ಸಮುದ್ರ ನೋಡಿದರು.

ಪಿಳ್ಳಪ್ಪ ಅಂಡ್ ಸನ್ಸ್ ಶಾಮಿಯಾನ, ಪಾತ್ರೆ, ಕುರ್ಚಿ.
ಸನ್ಸ್ ಯಾರೂ ಇಲ್ಲ. ನಾನು, ತಂಗಿ.
ಒಂಬತ್ತನೇ ವಯಸ್ಸಿಗೆ ಕಣ್ಣುತೂತಿನ ಸುತ್ತ
ಎರಡೆರಡು ಸಲ ಹೊಲಿಯುವುದು ಕಲಿತವಳು.
ಗಾಳಿ ಮೊದಲು ಕೈ ಹಾಕೋದು ಅಲ್ಲಿಗೇ, ಅನ್ನುತ್ತಿದ್ದ ಅಪ್ಪ,
ಮದುವೆಯೋ ಸಾವೋ ಅದಕ್ಕೇನು ಗೊತ್ತು.

ಕೈ ಎತ್ತಿದೆ.
ಮಧ್ಯಾಹ್ನದ ಊಟ ಬಿಟ್ಟು ಮುಗಿಸಿದೆ.
ಪೌಲೋಸ್ ಹೊಲಿಗೆಯನ್ನು ತಿರುಗಿಸಿ
ಹಿಂಭಾಗ ನೋಡಿದ, ಅಪ್ಪ ನೋಡುವ ಹಾಗೆಯೇ.
ಏನೂ ಹೇಳದೆ ಹಾಯಿ ಏರಿಸಿದ.
ತುಂಬಿ ನಿಂತಿತು.

ಈಗ ತಾರಸಿಯಲ್ಲಿ ನಿನ್ನೆಯ ಮಳೆಗೆ ನೆನೆದ ಶಾಮಿಯಾನ,
ಟ್ಯಾಂಕಿನ ಪೈಪಿಗೆ ಕಟ್ಟಿದ್ದು, ಹಳದಿ ಕೆಂಪು ಪಟ್ಟೆ,
ಉಬ್ಬುತ್ತದೆ, ಸೋಲುತ್ತದೆ.
ಕೆಮ್ಮುತ್ತ ಅಪ್ಪ ಮೆಟ್ಟಿಲು ಹತ್ತಿ ಬರುತ್ತಾನೆ.
ಐದಕ್ಕೆ ಕಮ್ಮನಹಳ್ಳಿಗೆ ಲೋಡು.

ಈ ಗಂಟಿಗೆ ಹೆಸರಿದೆ ಅಪ್ಪಾ, ಕ್ಲೋವ್ ಹಿಚ್.
ಗಂಟಿಗೆ ಯಾಕೆ ಹೆಸರು, ಅನ್ನುತ್ತಾನೆ,
ಒಂದೇ ಎಳೆತಕ್ಕೆ ಬಿಚ್ಚುತ್ತ.

ಹಡಗಿನಲ್ಲಿ ಪಾಳಿ ಬಿಡುವಾಗ ಒಪ್ಪಿಸಿ ಹೋಗಬೇಕು.
ಬಾಯಿ ತಾನಾಗಿ ಒಪ್ಪಿಸಿತು:
ಪಡುವಣ ಗಾಳಿ, ಮೆಲ್ಲಗಿದೆ. ಒಂದು ನಾಯಿ.
ಹಾಲಿನ ವ್ಯಾನು ಹೋಯಿತು. ಬೇರೆ ಏನಿಲ್ಲ.

ಅಪ್ಪ ನನ್ನನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ
ಬಟ್ಟೆಯ ಒಂದು ತುದಿ ಹೆಗಲಿಗೆ ಹಾಕಿಕೊಂಡು,
ಸರಿ, ಅಂದ.
ನೀ ಹೋಗಿ ಮಲಗು.